ಸಡಿಲ ಬಿಟ್ಟ ಕಡ್ಡಿ

ನನ್ನ ತಮ್ಮನ ಬೈಕಿನ ಹಿಂದಿನ ಚಕ್ರದಲ್ಲಿ ಮೂವತ್ತಾರು ಕಡ್ಡಿಗಳಿವೆ. ಅವುಗಳಲ್ಲಿ ನಾಲ್ಕನ್ನು ನಾನು ಪ್ರತಿ ಶುಕ್ರವಾರ ಮಧ್ಯಾಹ್ನ ಅರ್ಧ ಸುತ್ತು ಸಡಿಲ ಮಾಡುತ್ತಿದ್ದೆ. ಒಂದಲ್ಲ ಎರಡಲ್ಲ, ಏಳು ಶುಕ್ರವಾರ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಾಚಿಕೆಗಿಂತ ಸಿಟ್ಟು ಒಂದು ತೂಕ ಹೆಚ್ಚೇ ಇದೆ, ಹಾಗಾಗಿ ಹೇಳಿಬಿಡುತ್ತೇನೆ.

ಬೈಕು ನಿಲ್ಲುತ್ತಿದ್ದದ್ದು ನಮ್ಮ ಮನೆಯ ಮುಂಗೋಣೆಯಲ್ಲಿ. ಮೊದಲು ಅದು ಅಪ್ಪನ ಸೈಕಲ್ ಅಂಗಡಿಯಾಗಿತ್ತು. ಅಪ್ಪ ಸೈಕಲ್ ಮಾರುತ್ತಿರಲಿಲ್ಲ, ಪಂಕ್ಚರ್ ಹಾಕುವುದನ್ನೂ ಇಷ್ಟಪಡುತ್ತಿರಲಿಲ್ಲ. ಅವರ ಕೆಲಸ ಚಕ್ರದ ಬೆಂಡು ತೆಗೆಯುವುದು. ಎಲ್ಲೆಲ್ಲಿಂದಲೋ ಜನ ಡೊಂಕಾದ ಚಕ್ರಗಳನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಅಪ್ಪ ಒಂದೊಂದೇ ಕಡ್ಡಿಯನ್ನು ಸ್ಪ್ಯಾನರಿನ ತುದಿಯಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಿದ್ದರು. ಬಿಗಿಯಾದ ಕಡ್ಡಿ ಟಿಣ್ ಅನ್ನುತ್ತದೆ, ಸಡಿಲಾದದ್ದು ಟಪ್ ಅನ್ನುತ್ತದೆ. ಇಷ್ಟು ನಮಗೂ ಗೊತ್ತಾಗುತ್ತಿತ್ತು. ಒಂದು ಟಿಣ್ಣಿಗೂ ಇನ್ನೊಂದು ಟಿಣ್ಣಿಗೂ ನಡುವಿನ ಕೂದಲೆಳೆಯ ವ್ಯತ್ಯಾಸ ಗೊತ್ತಾಗುತ್ತಿದ್ದದ್ದು ಅವರಿಗೆ ಮಾತ್ರ.

ಐದು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಪೂರ್ತಿ ನಿಂತಿತು. ತಲೆ ಮಾತ್ರ ಮೊದಲಿನಷ್ಟೇ ಚುರುಕು. ಮುಂಗೋಣೆಗೂ ನಡುಮನೆಗೂ ಮಧ್ಯೆ ಹಲಗೆಯ ಅಡ್ಡಗೋಡೆ ಇದೆ. ಆ ಗೋಡೆಗೆ ಒತ್ತಿದಂತೆ ಅವರ ಕಬ್ಬಿಣದ ಮಂಚ. ಎಡಗೈಯಲ್ಲಿ ಒಂದು ಚಮಚ ಹಿಡಿದಿರುತ್ತಾರೆ. ಮಂಚದ ಸರಳಿಗೆ ಒಂದು ಏಟು ಹಾಕಿದರೆ ಹೌದು, ಎರಡು ಹಾಕಿದರೆ ಇಲ್ಲ. ನಮ್ಮ ಮನೆಯ ಭಾಷೆ ಈಗ ಅಷ್ಟೆ.

ನಾನು ಎರಡು ತಿಂಗಳಿಗೆಂದು ಬಂದವಳು. ಬೇರೆ ಊರಿನ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವ ಕೆಲಸದಲ್ಲಿದ್ದೆ. ನನ್ನ ಕೈಕೆಳಗೆ ಮೂರು ಜನರಿದ್ದರು, ಕಿಟಕಿ ಪಕ್ಕ ನನ್ನದೇ ಮೇಜಿತ್ತು. ಅಮ್ಮ ಇಲ್ಲದ ಮನೆ, ತಮ್ಮನಿಗೆ ಅನ್ನ ಬೇಯಿಸಲೂ ಬಾರದು. ಎರಡು ತಿಂಗಳು ಆರಾಯಿತು, ಆಮೇಲೆ ಎಣಿಸುವುದನ್ನೇ ಬಿಟ್ಟೆ. ಈಗ ಅಡುಗೆಮನೆಯ ಮೂಲೆಯಲ್ಲಿ ಕೂತು ಇಲ್ಲಿನ ಇಬ್ಬರು ಡಾಕ್ಟರುಗಳಿಗೆ ಹಲ್ಲು ಮಾಡಿಕೊಡುತ್ತೇನೆ. ಈ ಬಡಾವಣೆಯ ಅರ್ಧ ಮುದುಕರು ನಗುವುದು ನನ್ನ ಕೈಕೆಲಸದಿಂದ. ನಾನು ನಕ್ಕು ಬಹಳ ದಿನವಾಯಿತು.

ಅಪ್ಪ ದಪ್ಪ ಮೂಳೆಯ ಮನುಷ್ಯ. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹೊರಳಿಸುವುದು ನನ್ನೊಬ್ಬಳಿಂದ ಆಗುತ್ತದೆ, ಎತ್ತಿ ಕುರ್ಚಿಯಲ್ಲಿ ಕೂರಿಸುವುದಕ್ಕೆ ಇಬ್ಬರು ಬೇಕು. ತಮ್ಮ ಬೆಳಿಗ್ಗೆ ಟೈರು ಗೋಡೌನಿಗೆ ಹೋಗುವ ಮೊದಲು ಒಮ್ಮೆ, ಸಂಜೆ ಬಂದಮೇಲೆ ಒಮ್ಮೆ ಕೈ ಹಾಕುತ್ತಿದ್ದ. ಭಾನುವಾರ ಸಂಜೆ ಎರಡು ಗಂಟೆ ಅವನು ಮನೆಯಲ್ಲಿ ಕೂರುತ್ತಿದ್ದ, ನಾನು ಹೊರಗೆ ಹೋಗುತ್ತಿದ್ದೆ. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೆ. ವಾರದಲ್ಲಿ ನನ್ನದೆಂದು ಇದ್ದದ್ದು ಆ ಎರಡು ಗಂಟೆ.

ಇಂಥ ಮನೆಗೆ ಬಂದಳು ನನ್ನ ನಾದಿನಿ. ಬೈಕಿಗೆ ನಾನಿಟ್ಟ ಹೆಸರು ಅದು. ತಮ್ಮನಿಗೆ ಮೂವತ್ತೊಂದಾದರೂ ಮದುವೆಯ ಮಾತಿಲ್ಲ, ಆದರೆ ಇವಳಿಗೆ ಮಾಡಿಸಿದಷ್ಟು ಅಲಂಕಾರ ಯಾವ ಹೆಂಡತಿಗೂ ಯಾರೂ ಮಾಡಿಸಿರಲಿಕ್ಕಿಲ್ಲ. ಬಿದ್ದರೆ ಟ್ಯಾಂಕು ಉಳಿಯಲಿ ಎಂದು ಎರಡೂ ಪಕ್ಕಕ್ಕೆ ಕೊಳವೆಯ ಗಾರ್ಡು. ಕಲ್ಲು ತಾಗದಿರಲಿ ಎಂದು ಇಂಜಿನ್ನಿನ ಹೊಟ್ಟೆಗೆ ದಪ್ಪ ಅಲ್ಯೂಮಿನಿಯಂ ತಟ್ಟೆ. ನಿಂತು ಓಡಿಸಲು ಅನುಕೂಲವಾಗಲೆಂದು ಎತ್ತರಿಸಿದ ಹ್ಯಾಂಡಲ್ಲು. ಗಂಟು ಗಂಟಿನ ಟೈರು. ಮುಂದಿನ ಫೋರ್ಕಿನಲ್ಲಿ ಗಟ್ಟಿ ಸ್ಪ್ರಿಂಗು, ಮಂದವಾದ ಎಣ್ಣೆ. ಧೂಳಿನ ಹಾದಿಗೆ ಹೋಗಿಬಂದಾಗಲೆಲ್ಲ ಏರ್ ಫಿಲ್ಟರಿನ ಸ್ಪಂಜನ್ನು ನನ್ನ ಅಡುಗೆಮನೆಯ ಬೋಗುಣಿಯಲ್ಲಿ ತೊಳೆದು, ಎಣ್ಣೆ ಹಚ್ಚಿ ಹಿಂಡಿ, ನನ್ನ ಬಟ್ಟೆಯ ತಂತಿಗೇ ನೇತುಹಾಕುತ್ತಿದ್ದ. ನನ್ನ ಎರಡು ಒಳ್ಳೆಯ ಕುಪ್ಪಸಗಳು ಅದರಿಂದಲೇ ಹಾಳಾದವು. ಕೊನೆಗೆ ಎರಡೂ ಚಕ್ರಗಳನ್ನು ಬಿಚ್ಚಿ, ದಪ್ಪ ಕಡ್ಡಿಗಳನ್ನು ತರಿಸಿ, ಹೊಸದಾಗಿ ಹೆಣೆದ.

ಮೊದಮೊದಲು ನನಗೆ ಖುಷಿಯೇ ಆಗಿತ್ತು. ಹುಡುಗನಿಗೆ ಒಂದು ಹವ್ಯಾಸ ಇರಲಿ, ಭಾನುವಾರ ಬೆಳಿಗ್ಗೆ ಹಳೆಯ ಕಲ್ಲುಕ್ವಾರಿಯಲ್ಲಿ ಎರಡು ಸುತ್ತು ಹಾಕಿ ಬರಲಿ ಎಂದುಕೊಂಡಿದ್ದೆ. ಒಂದು ದಿನ ಊಟಕ್ಕೆ ಕೂತಾಗ ವಿಷಯ ಹೊರಗೆ ಬಂತು.

"ಅಕ್ಕ, ಬೆಟ್ಟದ ಕಡೆ ಒಂದು ತಂಡ ಇದೆ. ಪ್ರವಾಸಕ್ಕೆ ಬರೋರನ್ನ ಬೈಕಲ್ಲಿ ಕಾಡುದಾರಿ ಸುತ್ತಿಸ್ತಾರೆ. ನನ್ನನ್ನ ಮುಂದಾಳಾಗಿ ಕರೆದಿದ್ದಾರೆ."

"ಎಷ್ಟು ದಿನ?"

"ದಿನ ಅಲ್ಲ ಅಕ್ಕ. ಕೆಲಸ."

ನಾನು ಸಾರಿನ ಸೌಟು ಪಾತ್ರೆಯಲ್ಲೇ ಬಿಟ್ಟೆ. "ಅಪ್ಪನ್ನ ಯಾರು ಎತ್ತೋದು?"

"ಆಸ್ಪತ್ರೆ ವಾರ್ಡಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು ಒಬ್ಬರು ಇದ್ದಾರೆ. ಬೆಳಿಗ್ಗೆ ಸಂಜೆ ಬಂದುಹೋಗ್ತಾರೆ. ಮಾತಾಡಿದ್ದೀನಿ."

ಮಾತಾಡಿದ್ದಾನೆ. ಎಲ್ಲರ ಹತ್ತಿರವೂ ಮಾತಾಡಿ ಮುಗಿಸಿ, ಅನ್ನ ಕಲೆಸುತ್ತ ನನಗೆ ಹೇಳುತ್ತಿದ್ದಾನೆ. ಆ ತಂಡದವರದು ಒಂದೇ ಷರತ್ತು, ಬೈಕು ಕಲ್ಲುಹಾದಿಗೆ ಪೂರ್ತಿ ಸಿದ್ಧವಾಗಿರಬೇಕು. ಸಿದ್ಧವಿಲ್ಲದ ಬೈಕು ತರುವವನು ಬರುವುದೇ ಬೇಡ ಎಂದಿದ್ದರಂತೆ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಕಡ್ಡಿ ಬಿಗಿಯುವ ಅಪ್ಪನ ಹಳೆಯ ಕೀಲಿ ಕಪಾಟಿನಲ್ಲೇ ಇತ್ತು. ಗುಂಡಗಿನ ಬಿಲ್ಲೆ, ಅಂಚಿನಲ್ಲಿ ಬೇರೆ ಬೇರೆ ಅಳತೆಯ ಕಚ್ಚು. ಕಡ್ಡಿಯ ತುದಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟನ್ನು ಅದರಿಂದ ತಿರುಗಿಸುವುದು. ಸೈಕಲಿನ ಕೀಲಿ ಬೈಕಿನ ನಟ್ಟಿಗೆ ಸರಿಯಾಗಿ ಕೂರುವುದಿಲ್ಲ, ದೊಡ್ಡ ಕಚ್ಚು ಹೇಗೋ ಹಿಡಿಯುತ್ತದೆ. ತಮ್ಮ ಗೋಡೌನಿನಲ್ಲಿದ್ದಾಗ ನಾಲ್ಕು ಕಡ್ಡಿ ಸಡಿಲಿಸಿ, ಬಡಿದು ನೋಡುತ್ತಿದ್ದೆ. ಚೆನ್ನಾಗಿ ಟಪ್ ಅನ್ನಬೇಕು. ಶನಿವಾರ ಸಂಜೆ ಅವನು ಒಂದೊಂದು ಕಡ್ಡಿಯನ್ನೂ ತಪ್ಪದೆ ಬಡಿದು ಪರೀಕ್ಷಿಸುತ್ತಾನೆ, ಆಗ ಅದು ಸಿಕ್ಕೇ ಸಿಗಬೇಕು. ಅವನನ್ನು ಬೀಳಿಸುವ ಉದ್ದೇಶ ನನಗಿರಲಿಲ್ಲ. ಬೇಕಿದ್ದದ್ದು ಚಕ್ರ ಸರಿಯಿಲ್ಲ ಎಂಬ ಅನುಮಾನ, ಅಷ್ಟೆ.

ಅನುಮಾನ ಚೆನ್ನಾಗಿಯೇ ಹತ್ತಿತು. ಹೊಸ ಕಡ್ಡಿ ಒಗ್ಗಿಕೊಳ್ಳುವವರೆಗೆ ಸಡಿಲವಾಗುತ್ತದೆ ಎಂದು ಮೊದಲ ಎರಡು ವಾರ ಮತ್ತೆ ಬಿಗಿದು ಸುಮ್ಮನಿದ್ದ. ಮೂರನೆಯ ವಾರ ತಲೆ ಕೆರೆದುಕೊಂಡ. ನಾಲ್ಕನೆಯ ವಾರ ಚಕ್ರದ ನಡುವಿನ ಹಬ್ಬಿನ ತೂತುಗಳನ್ನು ಟಾರ್ಚು ಹಿಡಿದು ನೋಡಿದ. ಬೆಟ್ಟದವರಿಗೆ ಫೋನು ಮಾಡಿ ಒಂದು ತಿಂಗಳು ಮುಂದಕ್ಕೆ ಹಾಕಿಸಿಕೊಂಡ. ನಾನು ಅವನಿಗೆ ಆ ದಿನ ಇಷ್ಟದ ಪಲ್ಯ ಮಾಡಿದೆ. ಎಂಥ ಅಕ್ಕ ನಾನು, ನೋಡಿ.

ಇದೆಲ್ಲ ಅಪ್ಪನಿಗೆ ಗೊತ್ತಿತ್ತು. ಹಲಗೆಗೋಡೆಯ ಆಚೆ ಅರ್ಧ ಗೇಣು ದೂರದಲ್ಲಿ ಆ ಕಿವಿ. ನಟ್ಟು ಕಿರ್ ಎಂದದ್ದು, ಕಡ್ಡಿ ಟಪ್ ಎಂದದ್ದು ಅವರಿಗೆ ಕೇಳದೆ ಇರಲು ಸಾಧ್ಯವೇ ಇಲ್ಲ. ಮೊದಲ ಶುಕ್ರವಾರ ಕೈ ಒರೆಸಿಕೊಂಡು ಒಳಗೆ ಬಂದಾಗ ಅವರು ನನ್ನನ್ನೇ ನೋಡುತ್ತಿದ್ದರು. ಚಮಚ ಮಾತ್ರ ಸುಮ್ಮನಿತ್ತು.

ಮುಂದಿನ ಒಂದು ಶನಿವಾರ ತಮ್ಮ ಸೋತು, ಬಾಗಿಲಲ್ಲಿ ನಿಂತು ಕೇಳಿದ. "ಅಪ್ಪ, ಕಡ್ಡಿ ಹೀಗೆ ತಾನಾಗೇ ಸಡಿಲ ಆಗುತ್ತಾ? ಪ್ರತೀ ವಾರ?"

ಅಪ್ಪ ಒಂದು ಏಟು ಹಾಕಿದರು. ಹೌದು.

ನಲವತ್ತು ವರ್ಷ ಚಕ್ರದ ವಿಷಯದಲ್ಲಿ ಒಂದು ಸುಳ್ಳು ಹೇಳದ ಮನುಷ್ಯ. ಐದು ವರ್ಷ ಅವರ ಉಚ್ಚೆ ಬಟ್ಟೆ ಒಗೆದಿದ್ದಕ್ಕೆ ಇವತ್ತು ನನ್ನ ಪರವಾಗಿ ಒಂದು ಏಟು ಬಿತ್ತು ಎಂದುಕೊಂಡೆ. ಈ ಮನೆಯಲ್ಲಿ ನನ್ನ ಕಷ್ಟ ಒಬ್ಬರಿಗಾದರೂ ತಿಳಿದಿದೆ ಎಂದುಕೊಂಡೆ. ಆ ರಾತ್ರಿ ಅವರಿಗೆ ತುಪ್ಪ ಹಾಕಿದ ಗಂಜಿ ತಿನ್ನಿಸುವಾಗ ನನ್ನ ಕೈ ಎಂದಿಗಿಂತ ಮೆತ್ತಗಿತ್ತು.

ಏಳನೆಯ ವಾರ ಲೆಕ್ಕ ತಪ್ಪಿತು. ಶನಿವಾರ ಗೋಡೌನಿನಲ್ಲಿ ಲಾರಿ ತಡವಾಗಿ ಬಂದು, ತಮ್ಮ ಮನೆಗೆ ಬಂದವನೇ ಊಟ ಮಾಡಿ ಮಲಗಿಬಿಟ್ಟ. ಭಾನುವಾರ ನಾನು ಏಳುವ ಹೊತ್ತಿಗೆ ಮುಂಗೋಣೆ ಖಾಲಿ. ಎರಡು ಗಂಟೆ ಕಾಲ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಫೋನು ಮಾಡಿದರೆ ಎತ್ತುವುದಿಲ್ಲ. ಹೋಗಿ ನೋಡೋಣವೆಂದರೆ ಅಪ್ಪನನ್ನು ಬಿಟ್ಟು ಹೊಸ್ತಿಲು ದಾಟುವಂತಿಲ್ಲ. ಬಾಗಿಲಿಗೂ ಮಂಚಕ್ಕೂ ನಡುವೆ ಶತಪಥ ತಿರುಗಿದೆ. ಅವನಿಗೇನಾದರೂ ಆದರೆ ಆಮೇಲೆ ಇಬ್ಬರನ್ನು ಹೊರಳಿಸಬೇಕು ಎಂದು ಒಂದು ಗಳಿಗೆ ಯೋಚಿಸಿದೆ. ಹಾಗೆ ಯೋಚಿಸಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ಅವನು ಬೈಕು ತಳ್ಳಿಕೊಂಡು ಬಂದ. ಮೊಣಕೈಯ ಚರ್ಮ ಕಿತ್ತುಹೋಗಿತ್ತು, ಪ್ಯಾಂಟಿನ ಮಂಡಿ ಹರಿದಿತ್ತು. ಕ್ವಾರಿಯ ಇಳಿಜಾರಿನಲ್ಲಿ ಹಿಂದಿನ ಚಕ್ರ ತೊನೆದಾಡಿ ಎತ್ತಿ ಹಾಕಿತಂತೆ. ಒಂದು ಕಡ್ಡಿ ಮುರಿದಿತ್ತು. ನಾನು ಡೆಟಾಲು ಹಚ್ಚಿದೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಆಮೇಲೆ ಚಕ್ರ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತ.

ನಟ್ಟುಗಳು ಮಾತಾಡಿರಬೇಕು. ಮೂವತ್ತೆರಡು ನಟ್ಟಿನ ಮೂಲೆಗಳು ಚೂಪಾಗಿದ್ದವು, ಆ ನಾಲ್ಕರವು ಮಾತ್ರ ಸವೆದು ದುಂಡಗಾಗಿದ್ದವು. ಅಳತೆ ಕೂರದ ಕೀಲಿಯಿಂದ ಮತ್ತೆ ಮತ್ತೆ ತಿರುಗಿಸಿದರೆ ಹಾಗಾಗುತ್ತದೆ. ಹಲ್ಲು ಕೂರಿಸುವಾಗ ಕೂದಲಿನ ಅಂತರವನ್ನೂ ಬಿಡದ ನನಗೆ ಆ ಬುದ್ಧಿ ಇರಬೇಕಿತ್ತು. ತಮ್ಮ ಕಪಾಟಿಗೆ ಹೋಗಿ ಅಪ್ಪನ ಬಿಲ್ಲೆಕೀಲಿ ತಂದು ಅದರ ಕಚ್ಚನ್ನು ನಟ್ಟಿಗೆ ಹಿಡಿದು ನೋಡಿದ. ಅಡುಗೆಮನೆಯ ಬಾಗಿಲಿಂದ ನಾನು ನೋಡುತ್ತಿದ್ದೆ.

ಬೈಗುಳಕ್ಕೆ ಸಿದ್ಧಳಾಗಿದ್ದೆ. ನನ್ನ ಹತ್ತಿರವೂ ಐದು ವರ್ಷದ ಬೈಗುಳ ಕೂಡಿಟ್ಟದ್ದಿತ್ತು. ಅವನು ಬೈಯಲಿಲ್ಲ. ವಾರವಿಡೀ ಗೋಡೌನಿಗೆ ಹೋಗಿಬಂದ. ಶನಿವಾರ ಮಧ್ಯಾಹ್ನ ಹೊಸ ಕಡ್ಡಿ, ಹೊಸ ನಟ್ಟುಗಳನ್ನು ತಂದು ಹಾಕಿ, ಬೆಂಡು ತೆಗೆಯದ ಚಕ್ರವನ್ನು ಮುಂಗೋಣೆಯಲ್ಲಿ ಉಳಿದಿದ್ದ ಅಪ್ಪನ ಬೆಂಡು ತೆಗೆಯುವ ಸ್ಟ್ಯಾಂಡಿಗೆ ಏರಿಸಿ, ಬೈಕಿನ ಅಳತೆಯದೇ ಒಂದು ಹೊಸ ಕೀಲಿಯನ್ನು ನನ್ನ ಕೈಗಿಟ್ಟ.

"ನಾಳೆ ಬೆಳಿಗ್ಗೆ ಹೊರಡ್ತೀನಿ ಅಕ್ಕ. ಅವರು ಇದಕ್ಕಿಂತ ಜಾಸ್ತಿ ಕಾಯಲ್ಲ. ಚಕ್ರ ನೀನೇ ಕಟ್ಟಿಕೊಡು."

"ನಿನಗೆ ಬರಲ್ವಾ?"

"ಬರುತ್ತೆ. ನೀನು ಕಟ್ಟು. ನಾನು ಬಡಿದೂ ನೋಡಲ್ಲ, ಹಾಗೇ ಹಾಕ್ಕೊಂಡು ಹೋಗ್ತೀನಿ."

"ಏನಾಟ ಇದು?"

"ಆಟ ಇಲ್ಲ. ನೀನು ಬಿಟ್ಟರೆ ಹೋಗ್ತೀನಿ. ಇಲ್ಲ ಅಂದ್ರೆ ಇಲ್ಲ ಅನ್ನು, ಇಲ್ಲೇ ಇರ್ತೀನಿ. ಕದ್ದು ಮಾಡಬೇಡ."

ಜಾಣ. ಎಷ್ಟು ಜಾಣ ನೋಡಿ. ತಾನು ಬಿಟ್ಟುಹೋದ ಅನ್ನುವ ಮಾತು ನಾಳೆ ಬರಬಾರದು, ಅಕ್ಕನೇ ಕಳಿಸಿಕೊಟ್ಟಳು ಅನ್ನಿಸಿಕೊಳ್ಳಬೇಕು. ಇರು ಅಂದರೆ ಜೀವಮಾನವಿಡೀ ನನ್ನ ಮುಖ ನೋಡಿಕೊಂಡು ಟೈರು ಎಣಿಸುತ್ತ ಇರುತ್ತಾನೆ. ಹೋಗು ಅಂದರೆ ನಾನೇ ನನ್ನ ಬಾಗಿಲು ಹಾಕಿಕೊಂಡಂತೆ. ಸಡಿಲ ಕಟ್ಟಿದರೆ ಕಣಿವೆಯಲ್ಲಿ ಬೀಳುತ್ತಾನೆ. ಅವನಿಗೆ ಇಷ್ಟೂ ಗೊತ್ತಿತ್ತು. ಕೀಲಿ ಕೊಟ್ಟವನು ಸಾಮಾನು ತರುತ್ತೇನೆಂದು ಅಂಗಡಿಬೀದಿಗೆ ಹೋದ.

ಸ್ಟ್ಯಾಂಡಿನ ಮುಂದೆ ಕೂತೆ. ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಹೀಗೆ ಕೂತು ಕಲಿತದ್ದೇ, ಕೈ ಮರೆತಿರಲಿಲ್ಲ. ಚಕ್ರ ತಿರುಗಿಸಿ, ರಿಮ್ಮು ಸ್ಟ್ಯಾಂಡಿನ ಮುಳ್ಳಿಗೆ ಎಲ್ಲಿ ತಾಗುತ್ತದೆ ನೋಡಿ, ಎಡಕ್ಕೆ ಎಳೆದಿದ್ದರೆ ಬಲದ ಕಡ್ಡಿ ಬಿಗಿದು, ಎಡದ್ದನ್ನು ಒಂದಿಷ್ಟೇ ಬಿಟ್ಟು. ಸುಮಾರು ಒಂದು ತಾಸಿನ ನಂತರ ಚಕ್ರ ನೇರವಾಗಿ ತಿರುಗತೊಡಗಿತು. ಇನ್ನು ಎಲ್ಲ ಕಡ್ಡಿಗಳ ಬಿಗಿ ಒಂದೇ ಸಮ ಆಗಬೇಕು. ಮೊದಲನೆಯದನ್ನು ಬಡಿದೆ. ಟಿಣ್.

ಗೋಡೆಯಾಚೆ ಚಮಚದ ಒಂದು ಏಟು. ಹೌದು.

ನಾನು ಕೇಳಿರಲಿಲ್ಲ, ಅವರಾಗಿಯೇ ಕೆಲಸಕ್ಕೆ ಕೂತಿದ್ದರು. ಎರಡನೆಯದು, ಹೌದು. ಮೂರನೆಯದಕ್ಕೆ ಎರಡು ಏಟು ಬಿದ್ದವು. ಒಂದು ಕೂದಲಷ್ಟು ಬಿಗಿದೆ, ಒಂದು ಏಟು ಬಿತ್ತು. ಹೀಗೆ ಒಂದೊಂದೇ ಕಡ್ಡಿ ದಾಟಿದೆವು. ಐದು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು. ಸುಳ್ಳೇಕೆ ಹೇಳಲಿ, ಆ ಹೊತ್ತು ನನಗೆ ಸಂತೋಷವಾಗಿತ್ತು.

ಮೂವತ್ತಾರನೆಯದಕ್ಕೆ ಬಂದಾಗ ಕೈ ನಿಂತಿತು. ಬಡಿದೆ. ಟಪ್. ಅದಿನ್ನೂ ಸಡಿಲವಿತ್ತು. ಇದೊಂದನ್ನು ಹೀಗೇ ಬಿಟ್ಟರೆ ಏನಾದೀತು, ದಾರಿಯಲ್ಲಿ ಎಲ್ಲೋ ಚಕ್ರ ಓಲಾಡಿ, ಭಯಬಿದ್ದು ವಾಪಸು ಬರುತ್ತಾನಲ್ಲ ಎಂಬ ಪಾಪದ ಯೋಚನೆ ಬಂತು. ಎರಡು ಏಟು ಬೀಳಲಿ, ಬಿದ್ದರೆ ಬಿಗಿಯುತ್ತೇನೆ ಎಂದು ಕಾದೆ.

ಒಂದು ಏಟು ಬಿತ್ತು.

ಕೇಳಿಸಲಿಲ್ಲವೇನೋ ಎಂದು ಮತ್ತೆ ಬಡಿದೆ, ಸ್ವಲ್ಪ ಜೋರಾಗಿಯೇ. ಟಪ್. ಮತ್ತೆ ಒಂದೇ ಏಟು. ಹೌದು, ಸರಿಯಾಗಿದೆ, ಬಿಡು.

ಎದ್ದು ಒಳಗೆ ಹೋದೆ. ಅಪ್ಪ ನನ್ನನ್ನು ನೋಡಿದರು. ಆ ಕಣ್ಣಿನಲ್ಲಿ ತಪ್ಪಿತಸ್ಥನ ಭಾವವಿರಲಿಲ್ಲ, ಬೇಡಿಕೆ ಇತ್ತು. ಎಡಗೈ ಎತ್ತಿ ಚಮಚದಿಂದಲೇ ಕಂಬಿಯ ಮೇಲೆ ನೇತುಹಾಕಿದ್ದ ತಮ್ಮನ ಅಂಗಿಯನ್ನು ತೋರಿಸಿದರು, ಆಮೇಲೆ ಚಮಚವನ್ನು ತಮ್ಮ ಎದೆಗೆ ಒತ್ತಿಕೊಂಡರು. ಕಣ್ಣೀರು ಇಳಿದು ಕಿವಿಯ ಹಿಂದೆ ಹೋಯಿತು.

ಆಗ ನನಗೆ ತಿಳಿಯಿತು. ಏಳು ಶುಕ್ರವಾರ ಅವರು ಚಮಚ ಎತ್ತದೆ ಇದ್ದದ್ದು ನನಗಾಗಿ ಆಗಿರಲಿಲ್ಲ. ಮಗ ಹೋಗಬಾರದಿತ್ತು. ಅವರಿಗೆ ಕೈ ಇರಲಿಲ್ಲ, ನನಗೆ ಇತ್ತು. ಅಷ್ಟೇ ನಮ್ಮಿಬ್ಬರ ಒಪ್ಪಂದ. ನಾನು ಅದಕ್ಕೆ ಪ್ರೀತಿ ಎಂದು ಹೆಸರಿಟ್ಟು ಗಂಜಿಗೆ ತುಪ್ಪ ಹಾಕಿದ್ದೆ.

"ಬಿದ್ದು ಸಾಯ್ತಾನೆ ಅಪ್ಪ," ಅಂದೆ.

ಎರಡು ಏಟು.

"ಕಲ್ಲಿನ ದಾರಿ ಅದು. ಸಾಮಾನು ಹೇರಿಕೊಂಡು ಹೋಗ್ತಾನೆ."

ಎರಡು ಏಟು, ಜೋರಾಗಿ.

ಹೊರಗೆ ಬಂದು ಕೀಲಿ ಹಾಕಿದೆ. ಕಾಲು ಸುತ್ತು. ಗೋಡೆಯಾಚೆ ಎರಡು ಏಟು. ಇನ್ನೊಂದು ಕಾಲು ಸುತ್ತು. ಮತ್ತೆ ಎರಡು. ಆಮೇಲೆ ಎಣಿಸಲಾಗದಂತೆ ಬೀಳತೊಡಗಿದವು. ಇಡೀ ಮಂಚ ಗಡಗಡಿಸುತ್ತಿತ್ತು. ಅಳುತ್ತಲೇ ಬಿಗಿದೆ. ಬಡಿದೆ. ಟಿಣ್. ಉಳಿದ ಮೂವತ್ತೈದರ ಜೊತೆ ಸರಿಯಾಗಿ ಕೂಡಿದ ಟಿಣ್ ಅದು. ಅದನ್ನು ಒಪ್ಪುವ ಏಟು ಮಾತ್ರ ಆಚೆಯಿಂದ ಬರಲಿಲ್ಲ.

ಬೆಳಿಗ್ಗೆ ಅಪ್ಪನನ್ನು ಕುರ್ಚಿಗೆ ಎತ್ತಿ ಕೂರಿಸಿ, ಅವರ ಕಾಲು ಮುಟ್ಟಿ, ತಮ್ಮ ಹೊರಟ. ಹೇಳಿದಂತೆಯೇ ಚಕ್ರವನ್ನು ಬಡಿದು ನೋಡಲಿಲ್ಲ. "ಬರ್ತೀನಿ ಅಕ್ಕ" ಅಂದ. "ಚೈನಿಗೆ ಎಣ್ಣೆ ಹಾಕ್ತಾ ಇರು, ಫಿಲ್ಟರು ತೊಳೆಯೋಕೆ ನಿನಗೊಂದು ಬೋಗುಣಿ ತಗೋ" ಅಂದೆ. ಹಿಂದಿನ ಚಕ್ರ ಒಂದಿಷ್ಟೂ ತೊನೆಯದೆ ಬೀದಿಯ ತಿರುವು ದಾಟಿತು. ಅಷ್ಟು ನೇರ ಚಕ್ರವನ್ನು ಅಪ್ಪನೂ ಕಟ್ಟಿರಲಿಕ್ಕಿಲ್ಲ.

ಒಳಗೆ ಬಂದು ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ. ಅಪ್ಪ ಬಾಗಿಲನ್ನೇ ನೋಡುತ್ತಿದ್ದರು.

"ಒಂದು ಕೇಳ್ತೀನಿ, ನಿಜ ಹೇಳಿ. ಅವನ ಬದಲು ನಾನು ಹೊರಟಿದ್ದರೆ? ನನ್ನನ್ನ ನಿಲ್ಲಿಸಿಕೊಳ್ಳೋಕೆ ಹೀಗೆ ಏನಾದ್ರೂ ಮಾಡ್ತಿದ್ರಾ?"

ಚಮಚ ಅವರ ಕೈಯಲ್ಲೇ ಇತ್ತು. ಹೌದು ಅಂದಿದ್ದರೂ ಇಲ್ಲ ಅಂದಿದ್ದರೂ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಅಪ್ಪ ನನ್ನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು. ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ, ಬಿಡಿಸಿ ಕೇಳಿದೆ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ನೀನು ಎಲ್ಲಿಗೆ ಹೊರಡುತ್ತೀ ಎಂಬ ಬರಿಯ ಬೆರಗು ಇತ್ತು. ಚಮಚ ಏಳಲೇ ಇಲ್ಲ. ನಾನೂ ಹೋಗಬಹುದಾದವಳು ಎಂಬುದು ಐದು ವರ್ಷದಲ್ಲಿ ಒಂದು ಸಲವೂ ಅವರಿಗೆ ಹೊಳೆದಿರಲಿಲ್ಲ.

ಸ್ವಲ್ಪ ಹೊತ್ತು ನೋಡಿ, ಇವಳಿಗೇನೋ ಆಗಿದೆ ಅನ್ನುವಂತೆ ಅವರು ಮತ್ತೆ ಬಾಗಿಲ ಕಡೆ ತಿರುಗಿದರು. ಮಂಚದ ಹಾಸಿಗೆ ಬಟ್ಟೆ ಒದ್ದೆಯಾಗಿತ್ತು. ಎದ್ದು ಅದನ್ನು ಬದಲಿಸಿದೆ.